ಹಲಸೂರಿನಲ್ಲಿ ಗಿಟ್ ಕಟ್ಟಿದ ಆಷಾಢ

ಮೊನ್ನೆ ಮಿಕ್ಸಿ ಜಾರಿಗೆ ಹೊಸ ಬ್ಲೇಡು ಹಾಕಿಸಲೆಂದು ಶಿವಾಜಿನಗರಕ್ಕೆ ಹೋಗಿದ್ದೆ. ತಿಪ್ಪಸಂದ್ರದಲ್ಲಿ ಸಿಗುವುದಿಲ್ಲವೇ ಎಂದು ನನ್ನ ಗಂಡ ಕೇಳಿದರು. ಸಿಗುತ್ತದೆ, ಆದರೆ ಶಿವಾಜಿನಗರದಲ್ಲಿ ಚೌಕಾಸಿ ಮಾಡುವ ಸುಖವೇ ಬೇರೆ. ಅಲ್ಲಿ ಗುಜರಿ ಅಂಗಡಿಯೊಂದರ ಮುಂದೆ ಒಬ್ಬಾತ ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿಟ್ಟುಕೊಂಡು ಬ್ಲೋವರಿನಿಂದ ಧೂಳು ಊದುತ್ತಿದ್ದ. ಆ ಧೂಳಿಗೆ ಒಂದು ವಾಸನೆಯಿದೆ. ಬಿಸಿ ತಗಡು, ಜೇಡರಬಲೆ, ಅದರ ಮೇಲಿಷ್ಟು ಮಳೆಗಾಲದ ಮುಗ್ಗಲು. ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲೊಲ್ಲವು. "ಏನ್ ಬೇಕು ಮೇಡಂ?" ಎಂದು ಆತ ಕೇಳಿದ. ಏನೂ ಬೇಡಪ್ಪಾ ಎಂದೆ. "ನೋಡೋದಕ್ಕೆ ಕಾಸ್ ಕೇಳಲ್ಲ, ನಿಂತ್ಕೊಳ್ಳಿ" ಎಂದು ಮತ್ತೆ ಊದತೊಡಗಿದ. ನನಗೆ ಹಲಸೂರಿನ ಭಾರತಿಯ ನಡುಮನೆ ಕಣ್ಣಿಗೆ ಕಟ್ಟಿತು. ಬ್ಲೇಡಿನ ಮಾತು ಮರೆತೇ ಹೋಗಿ, ಖಾಲಿ ಜಾರು ಹಿಡಿದುಕೊಂಡು ಬಸ್ಸು ಹತ್ತಿದೆ.

ಕೊರೊನಾ ಮುಗಿದು ಆಫೀಸುಗಳೆಲ್ಲ ಮತ್ತೆ ಬಾಗಿಲು ತೆರೆದ ಮೇಲಿನ ಮಾತು ಇದು. ನಾನು ಲಿಂಗಸುಗೂರು ಕಡೆಯವಳು. ಗಂಡನ ಜೊತೆ ಬೆಂಗಳೂರಿಗೆ ಬಂದು ಹೊಸ ತಿಪ್ಪಸಂದ್ರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಇಂದಿರಾನಗರದ ಒಂದು ಮಹಡಿಯ ಮೇಲೆ, ಕಲ್ಯಾಣ ಮಂಟಪಗಳಿಗೆ ತಂತ್ರಾಂಶ ಬರೆದುಕೊಡುವ ಚಿಕ್ಕ ಕಂಪನಿಯಲ್ಲಿ ಕೆಲಸ. ಮಂಟಪಕ್ಕೂ ತಂತ್ರಾಂಶವೇ ಎಂದು ನಗಬೇಡಿ. ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣ ಬಂದು ಒಂದೇ ಬಾಗಿಲಲ್ಲಿ ನಿಂತರೆ ಏನಾಗುತ್ತದೆ ಎಂದು ಮಂಟಪದ ಮ್ಯಾನೇಜರುಗಳನ್ನು ಕೇಳಿ ನೋಡಿ. ಯಾವ ದಿನ ಯಾರಿಗೆ, ಒಳಗೆ ಹೋದ ಕೊಪ್ಪರಿಗೆ ಎಷ್ಟು, ಹೊರಗೆ ಬಂದ ಸೌಟು ಎಷ್ಟು, ಇದೆಲ್ಲ ನಮ್ಮ ಹೊಟ್ಟೆಪಾಡು. ಆಷಾಢದಲ್ಲಿ ಮದುವೆಗಳಿಲ್ಲ, ನಮಗೂ ಸ್ವಲ್ಪ ಉಸಿರು. ಶ್ರಾವಣ ಬಂತೆಂದರೆ ಮುಗಿಯಿತು, ಊಟಕ್ಕೆ ಕೂತಲ್ಲೂ ಫೋನು ಬಿಡುವುದಿಲ್ಲ.

ಭಾರತಿ ನನ್ನ ಪಕ್ಕದ ಕುರ್ಚಿಯವಳು. ಹುಟ್ಟಿ ಬೆಳೆದದ್ದೆಲ್ಲ ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಅಪ್ಪ ಇಲ್ಲ, ಇದ್ದ ಒಬ್ಬ ಅಣ್ಣ ಮದುವೆಯಾಗಿ ಹೊಸೂರಿಗೆ ಹೋದ. ಮನೆಯಲ್ಲಿ ಇವಳು ಮತ್ತು ತಾಯಿ ರಾಣಿಯಮ್ಮ, ಇಬ್ಬರೇ. ನನ್ನ ಮಾತಿನ ಧಾಟಿಯನ್ನು ಅಣಕಿಸುವುದೆಂದರೆ ಅವಳಿಗೆ ಬೆಲ್ಲ ತಿಂದಷ್ಟು ಖುಷಿ. "ಏನವಾ ಶರಣಮ್ಮ, ರೊಟ್ಟಿ ತಂದೀಯೇನ?" ಎನ್ನುತ್ತ ನನ್ನ ಡಬ್ಬಿಗೆ ಕೈ ಹಾಕುವಳು. ಕೆಲಸದಲ್ಲಿ ಮಾತ್ರ ಹುಲಿ. ನಮ್ಮ ತಂತ್ರಾಂಶದಲ್ಲಿ ತಾರೀಖಿನ ಭಾಗ ಪೂರ್ತಿ ಅವಳದು. ಒಂದು ಮುಹೂರ್ತದ ಮೇಲೆ ಇನ್ನೊಂದು ಬೀಳದಂತೆ ನೋಡಿಕೊಳ್ಳುವ ಕೋಡ್ ಅವಳೇ ಬರೆದದ್ದು.

ಆ ವರ್ಷ ಜ್ಯೇಷ್ಠದಲ್ಲಿ ರಾಣಿಯಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಮಲಗಿದಲ್ಲೇ ಎಲ್ಲ ಆಗಬೇಕು ಎಂದರು ಡಾಕ್ಟರು. ಭಾರತಿ ಆಫೀಸಿಗೆ ಬಂದರೆ ತಾಯಿಗೆ ನೀರು ಕೊಡುವವರಿಲ್ಲ, ತಾಯಿಯ ಹತ್ತಿರ ಕೂತರೆ ಕೆಲಸ ಹೋಗುತ್ತದೆ. ಆ ಕೆಲಸ ಹೋದರೆ ಮನೆಗೆ ಬೇರೆ ದಾರಿ ಇರಲಿಲ್ಲ.

ನಮ್ಮ ಮ್ಯಾನೇಜರು ಮೂರ್ತಿ ಸರ್ ಕೆಟ್ಟವರಲ್ಲ. ಆದರೆ ಕೊರೊನಾ ಕಾಲದಲ್ಲಿ ಬಾಡಿಗೆಗೆ ತಂದಿದ್ದ ಲ್ಯಾಪ್‌ಟಾಪುಗಳನ್ನೆಲ್ಲ ಅಷ್ಟರಲ್ಲಿ ವಾಪಸ್ ಕಳಿಸಿಯಾಗಿತ್ತು. "ನೋಡಮ್ಮ ಭಾರತಿ, ನಿನ್ನದೇ ಕಂಪ್ಯೂಟರ್ ಇದ್ರೆ ಮನೆಯಿಂದ ಮಾಡು. ದೀಪಾವಳಿ ತನಕ ನೋಡೋಣ. ತಿಂಗಳಿಗೊಂದು ಸಲ ರಿಪೋರ್ಟ್ ತೆಗೀತೀನಿ, ಕೆಲಸ ಕಾಣಿಸ್ಬೇಕು ಅಷ್ಟೆ" ಎಂದರು. ಕಂಪ್ಯೂಟರ್ ಇದೆ ಸರ್ ಎಂದು ಅವಳು ತಟ್ಟನೆ ಹೇಳಿಬಿಟ್ಟಳು. ಇದ್ದದ್ದು ನಿಜ. ಅಣ್ಣ ಕಾಲೇಜಿಗೆ ಹೋಗುವಾಗ ಕೊಂಡಿದ್ದ ಡಬ್ಬಿ ಅದು. ಅದರ ಮೇಲೆ ರಾಣಿಯಮ್ಮ ಮಲ್ಲಿಗೆ ಹಂಬಿನ ಕುಂಡ ಇಟ್ಟಿದ್ದರು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಕುಂಡ ಇಳಿಸಿ, ಡಬ್ಬಿ ಬಿಚ್ಚಿ, ಹಳೇ ಸೀರೆಯ ತುಂಡಿನಿಂದ ಧೂಳು ಒರೆಸಿದೆವು. ನಡುಮನೆಯಲ್ಲಿ ಸರಿಯಾದ ಪ್ಲಗ್ ಇದ್ದದ್ದು ಒಂದೇ ಕಡೆ, ರಾಣಿಯಮ್ಮನ ಮಂಚದ ತಲೆದೆಸೆಗೆ. ಅಲ್ಲೇ ಮೇಜು ಹಾಕಿದೆವು. ಮೇಲೆ ಗೋಡೆಗೆ ಬುದ್ಧನ ಪಟ, ಕೆಳಗೆ ಮಂಚ, ಪಕ್ಕದಲ್ಲಿ ಕಂಪ್ಯೂಟರ್. ಅದು ಗುರ್‌ರೆಂದು ಎದ್ದಾಗ ಬಂದ ವಾಸನೆಯೇ ಮೊನ್ನೆ ಗುಜರಿ ಅಂಗಡಿಯ ಮುಂದೆ ಬಂದದ್ದು.

ಕೆಲಸ ಮಾಡಬೇಕೆಂದರೆ ಅದರೊಳಗೆ ಗಿಟ್ ಇರಬೇಕು. ಗೊತ್ತಿಲ್ಲದವರಿಗೆ ಒಂದು ಮಾತು: ಹತ್ತು ಜನ ಒಂದೇ ಕೋಡ್ ಮೇಲೆ ಕೈಯಾಡಿಸುವಾಗ, ಯಾರು, ಯಾವತ್ತು, ಯಾವ ಸಾಲು ಬದಲಿಸಿದರು ಎಂಬುದನ್ನು ಹಿಡಿದಿಡುವ ಸಲಕರಣೆ ಅದು. ನಮ್ಮ ಕೆಲಸವನ್ನು ಆಫೀಸಿನ ಸರ್ವರಿಗೆ ಕಳಿಸುವುದೂ ಅದೇ, ಬೇರೆಯವರದನ್ನು ನಮಗೆ ಇಳಿಸಿಕೊಡುವುದೂ ಅದೇ. ಈಗಿನ ಕಂಪ್ಯೂಟರಿಗಾದರೆ ಒಂದು ಸಾಲು ಬರೆದರೆ ತಾನೇ ಬಂದು ಕೂರುತ್ತದೆ. ಆ ಮುದಿ ಡಬ್ಬಿಗೆ ಅದೆಲ್ಲಿ? ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಯಾವ ಕಾಲದ್ದೋ, ಅದಕ್ಕೆ ಹೊಸದನ್ನು ಕೊಡುವ ಸರ್ವರುಗಳೆಲ್ಲ ಎಂದೋ ಮುಚ್ಚಿದ್ದವು. ಹೊಸ ಲಿನಕ್ಸ್ ಹಾಕೋಣವೆಂದರೆ ಡಬ್ಬಿಗೆ ತಾಕತ್ತಿಲ್ಲ. ಉಳಿದದ್ದು ಒಂದೇ ದಾರಿ. ಗಿಟ್‌ನ ಮೂಲ ಕೋಡನ್ನೇ ತಂದು, ಆ ಯಂತ್ರದ ಮೇಲೆ ನಾವೇ ಕಟ್ಟಬೇಕು. ಸಿದ್ಧ ಹಿಟ್ಟು ಸಿಗದಿದ್ದರೆ ಜೋಳ ತಂದು ಬೀಸಿಕೊಂಡ ಹಾಗೆ.

ನಾನು ಆಫೀಸಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಹೋಗುತ್ತಿದ್ದೆ. ಬಿಚ್ಚಿ, ಕಟ್ಟು ಎಂದು ಆಜ್ಞೆ ಕೊಟ್ಟರೆ ಪರದೆಯ ಮೇಲೆ ಸಾಲುಗಳು ಸರಸರ ಓಡುವವು. ಓಡಿ ಓಡಿ ಒಂದು ಕಡೆ ಮುಗ್ಗರಿಸಿ ಬೀಳುವವು. ಇಂಥ ಲೈಬ್ರರಿ, ಅಂದರೆ ಒಳಗೆ ಸೇರಬೇಕಾದ ಸಿದ್ಧ ಕೋಡ್, ಇಲ್ಲ ಎನ್ನುವುದು. ಅದನ್ನು ತಂದರೆ, ಅದಕ್ಕೆ ಇನ್ನೊಂದು ಬೇಕು ಎನ್ನುವುದು. ಮದುವೆಮನೆಯಲ್ಲಿ ಮುನಿದ ಬೀಗರ ಹಾಗೆ ಒಂದೊಂದಕ್ಕೂ ಒಂದೊಂದು ತಕರಾರು. ಕೊನೆಗೆ ಭಾರತಿಯೇ ದಾರಿ ಹುಡುಕಿದಳು. "ಲೇ ಶರಣಿ, ಇದಕ್ಕೆ ಬೇಕು ಬೇಕು ಅಂತ ತಂದು ಕೊಡೋದ್ಯಾಕೆ? ನಮಗೇನು ಬೇಡ ಅಂತ ಹೇಳ್ಬಿಡೋಣ" ಎಂದಳು. ಹಾಗೂ ಹೇಳಬಹುದಿತ್ತು. ಚಿತ್ರದ ಕಿಟಕಿ ಬೇಡ, ಬೇರೆ ಭಾಷೆಗಳು ಬೇಡ, ವೆಬ್‌ನಿಂದ ಇಳಿಸುವ ಸೌಕರ್ಯ ಬೇಡ, ಸರ್ವರಿನ ಜೊತೆ ಮಾತಾಡಿದರೆ ಸಾಕು. ಒಂದೊಂದು ಬೇಡ ಬರೆದಾಗಲೂ ಒಂದೊಂದು ತಕರಾರು ಕಡಿಮೆಯಾಯಿತು.

ಮಂಚದ ಮೇಲಿನಿಂದ ರಾಣಿಯಮ್ಮ ಎಲ್ಲವನ್ನೂ ನೋಡುತ್ತಿದ್ದರು. ಕಾಲು ಅಲ್ಲಾಡದಿದ್ದರೂ ಬಾಯಿಗೆ ಏನೂ ಆಗಿರಲಿಲ್ಲ. ಹಲಸೂರಿನ ಹೆಂಗಸು, ತಮಿಳು ಕನ್ನಡ ಎರಡನ್ನೂ ಕಲಸಿ ಉಣ್ಣಿಸುವರು, ನಮ್ಮನ್ನು ತಮಿಳರ ಹಾಗೆ ಮುದ್ದಿಗೆ ಕಣ್ಣು ಎಂದೇ ಕರೆಯುವರು. "ಏನ್ ಕಣ್ಣು, ಬೆಳಿಗ್ಗೆಯಿಂದ ಒಲೆ ಮೇಲಿಟ್ಟಿದ್ದೀರ, ಇನ್ನೂ ಬೇಯಲೇ ಇಲ್ವಾ ನಿಮ್ಮ ಗಿಟ್ಟು?"

"ಬೇಯ್ತಾ ಇದೆ ಅಮ್ಮ, ಸುಮ್ನೆ ಮಲ್ಕೋ."

"ಮಲಗೇ ಇದ್ದೀನಲ್ಲಮ್ಮ. ಇನ್ನೆಷ್ಟು ಮಲಗ್ಲಿ?"

ಭಾರತಿ ನಗುತ್ತ ಎದ್ದು ತಾಯಿಯನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನಿಗೆ ಪೌಡರು ಹಾಕಿ, ಮತ್ತೆ ಬಂದು ಕೂರುವಳು. ಹೊರಗೆ ಆಷಾಢದ ಗಾಳಿ, ಜಿನುಗು ಮಳೆ, ಗಲ್ಲಿಯಲ್ಲಿ ಸೊಪ್ಪಿನವಳ ಕೂಗು. ನನ್ನ ಗಂಡ ಫೋನು ಮಾಡಿ, ಭಾನುವಾರವೂ ಮನೆಯಿಲ್ಲವೇ ಎಂದು ಗೊಣಗುತ್ತಿದ್ದರು. ಅವರಿಗೆ ಏನೆಂದು ಹೇಳಲಿ? ನನಗೆ ಆ ಭಾನುವಾರಗಳು ಹಬ್ಬವಾಗಿದ್ದವು. ಊರು ಬಿಟ್ಟು ಬಂದ ಮೇಲೆ ಇನ್ನೊಬ್ಬರ ನಡುಮನೆಯಲ್ಲಿ ಕಾಲು ಚಾಚಿ ಕೂತದ್ದು ಅದೇ ಮೊದಲು.

ಆ ಡಬ್ಬಿಗೆ ಒಂದು ರೋಗವಿತ್ತು. ಒಳಗೆ ಗುಂಡಿಯಷ್ಟು ಚಿಕ್ಕ ಸೆಲ್ ಒಂದಿರುತ್ತದೆ, ಕರೆಂಟು ಹೋದರೂ ತಾರೀಖು ಮರೆಯದಿರಲಿ ಎಂದು. ಇದರಲ್ಲಿ ಸೆಲ್ ಕೂರುವ ತಗಡೇ ಮುರಿದಿತ್ತು. ಹೊಸ ಸೆಲ್ ಹಾಕಿದರೂ ನಿಲ್ಲದು. ಹೀಗಾಗಿ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ತಾನು ಹುಟ್ಟಿದ ಕಾಲಕ್ಕೆ ಹಿಂತಿರುಗುತ್ತಿತ್ತು. ಪರದೆಯ ಮೂಲೆಯಲ್ಲಿ ಹನ್ನೆರಡು ಹದಿಮೂರು ವರ್ಷ ಹಿಂದಿನ ಜನವರಿ. ಮೊದಲ ಸಲ ಕಟ್ಟುವಾಗಲೇ ಅದು ಎಚ್ಚರಿಕೆ ಕೊಟ್ಟಿತು: ಈ ಫೈಲುಗಳು ಮುಂದಿನ ಕಾಲದವು, ಗಡಿಯಾರ ಹೊಂದುತ್ತಿಲ್ಲ, ಕಟ್ಟಿದ್ದು ಅರೆಬರೆ ಆದೀತು ಎಂದು. ಏನಿದು ಎಂದು ಭಾರತಿ ಕೇಳಿದಳು. "ಎರರ್ ಅಲ್ಲ, ವಾರ್ನಿಂಗ್" ಎಂದೆ. ನಮ್ಮ ಕಸುಬಿನಲ್ಲಿ ವಾರ್ನಿಂಗ್ ಓದುವವರು ಯಾರಿದ್ದಾರೆ? ಆದರೂ ಅವತ್ತಿನ ಮಟ್ಟಿಗೆ ತಾರೀಖನ್ನು ಕೈಯಾರೆ ತಿದ್ದಿ ಮತ್ತೆ ಓಡಿಸಿದೆವು, ಎಚ್ಚರಿಕೆ ಹೋಯಿತು. ನಾವೂ ಮರೆತೆವು.

ಆ ಮನೆಯಲ್ಲಿ ತಪ್ಪು ಗಡಿಯಾರವೆಂದರೆ ಯಾರಿಗೂ ಗಾಬರಿಯಿಲ್ಲ. ಗೋಡೆಯ ಗಡಿಯಾರವನ್ನು ರಾಣಿಯಮ್ಮ ಬೇಕೆಂದೇ ಮುಂದಿಟ್ಟಿದ್ದರು, ಮಗಳು ಬೇಗ ಏಳಲಿ ಎಂದು. ಮಗಳು ಆ ಹೆಚ್ಚಿನ ನಿಮಿಷಗಳನ್ನು ಕಳೆದು ಲೆಕ್ಕ ಹಾಕಿ ತಡವಾಗಿಯೇ ಏಳುತ್ತಿದ್ದಳು. "ಒಂದು ಮುಂದೆ ಓಡುತ್ತೆ, ಒಂದು ಹಿಂದೆ ಓಡುತ್ತೆ. ಟೈಮ್ ಬೇಕಂದ್ರೆ ಮೊಬೈಲ್ ನೋಡು ಗುರು" ಎನ್ನುವಳು.

ಗಿಟ್ ಕೂತದ್ದು ಆಷಾಢ ಹುಣ್ಣಿಮೆಯ ದಿನ. ಸಾಲುಗಳು ಓಡಿ ಓಡಿ, ಎಲ್ಲಿಯೂ ಮುಗ್ಗರಿಸದೆ ತಾವಾಗಿಯೇ ನಿಂತವು. ಭಾರತಿ ಅದರ ಆವೃತ್ತಿ ಕೇಳಿದಳು. ಅದು ತನ್ನ ಹೆಸರು, ನಂಬರು ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿತು. ಅಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳ ಕಣ್ಣು ತುಂಬಿತ್ತು. "ಅಮ್ಮಾ, ಬೆಂತು" ಎಂದಳು. ಆ ಮನೆಯವರು ಬುದ್ಧನನ್ನು ನಂಬುವವರು, ಬುದ್ಧ ಮೊದಲ ಬೋಧೆ ಮಾಡಿದ ಆ ಹುಣ್ಣಿಮೆ ಅವರಿಗೆ ದೊಡ್ಡದು. ಬೆಳಿಗ್ಗೆಯೇ ಬಿಳಿ ಸೀರೆ ಉಡಿಸಿಕೊಂಡಿದ್ದ ರಾಣಿಯಮ್ಮ ನನ್ನ ಕೈ ಹಿಡಿದು ಹೇಳಿದರು: "ನಿಮ್ಮೋರು ಆಷಾಢ ಕೆಟ್ಟದ್ದು ಅಂತೀರಲ್ಲ ಕಣ್ಣು, ನಮಗೆ ಇದು ಒಳ್ಳೇದು. ಇವತ್ತು ಶುರು ಮಾಡಿದ್ದು ನಿಲ್ಲುತ್ತೆ." ಪಾಯಸ ಮಾಡಿಸಿ ಉಣ್ಣಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ನಾನೇ ಛೇಡಿಸಿದೆ, ಆದರೆ ಎರಡು ಬಟ್ಟಲು ತಿಂದೆ.

ಮೊದಲ ಹದಿನೈದು ದಿನ ಎಲ್ಲ ಸುಸೂತ್ರ. ಭಾರತಿ ದಿನಾ ಬೆಳಿಗ್ಗೆ ಯಂತ್ರದ ತಾರೀಖು ತಿದ್ದಿ ಕೆಲಸಕ್ಕೆ ಕೂರುವಳು. ಮೂರ್ತಿ ಸರ್ ರಿಪೋರ್ಟ್ ತೆಗೆದರು, ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು. "ಮನೇಲಿದ್ರೆ ಜಾಸ್ತಿ ಮಾಡ್ತಾಳೆ ಕಣ್ರಿ" ಎಂದು ಅವರೇ ನಕ್ಕರು. ಆಮೇಲೆ ಶ್ರಾವಣ ಬಂತು. ಹಲಸೂರಿನಲ್ಲಿ ಯಾವುದೋ ಕೇಬಲ್ಲಿಗೆಂದು ರಸ್ತೆ ಅಗೆದರು. ಕರೆಂಟು ದಿನಕ್ಕೆ ಹಲವು ಸಲ ಹೋಗಿ ಬರತೊಡಗಿತು. ಅದೇ ಸಮಯಕ್ಕೆ ರಾಣಿಯಮ್ಮನಿಗೆ ಬೆನ್ನಿನಲ್ಲಿ ಹುಣ್ಣಾಯಿತು. ಹೊರಳಿಸುವುದು, ತೊಳೆಯುವುದು, ಔಷಧಿ ಹಚ್ಚುವುದು, ಅದರ ನಡುವೆ ಮಂಟಪಗಳವರ ಅವಸರ. ಕರೆಂಟು ಬಂದಾಗಲೆಲ್ಲ ತಾರೀಖು ತಿದ್ದುತ್ತ ಕೂರಲು ಅವಳಿಗೆ ಪುರುಸೊತ್ತೆಲ್ಲಿ? ಬಿಟ್ಟುಬಿಟ್ಟಳು. ಕೆಲಸ ಮಾತ್ರ ಒಂದು ದಿನವೂ ಬಿಡಲಿಲ್ಲ. ನಾವು ಆಫೀಸಿಗೆ ಬಂದು ಮೊದಲು ಮಾಡುತ್ತಿದ್ದದ್ದೇ ಅವಳು ಕಳಿಸಿದ್ದನ್ನು ಇಳಿಸಿಕೊಳ್ಳುವುದು. ಅದಿಲ್ಲದೆ ನಮ್ಮ ಯಾರ ಕೆಲಸವೂ ಮುಂದೆ ಹೋಗುವಂತಿರಲಿಲ್ಲ.

ಶ್ರಾವಣದ ಕೊನೆಗೆ ನನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ನಾನು ಊರಿಗೆ ಹೋದೆ. ಮೂರ್ತಿ ಸರ್ ಆ ವಾರ ರಿಪೋರ್ಟ್ ತೆಗೆದರು. ಈ ತಿಂಗಳು ಯಾರು ಏನು ಮಾಡಿದರು ಎಂದು ಗಿಟ್ ಅನ್ನು ಕೇಳಿದರು. ಗಿಟ್ ಪಾಪ, ತನಗೆ ಯಂತ್ರ ಹೇಳಿದ ತಾರೀಖನ್ನೇ ಬರೆದುಕೊಳ್ಳುತ್ತದೆ. ಭಾರತಿ ಶ್ರಾವಣದಲ್ಲಿ ಮಾಡಿದ ಕೆಲಸವೆಲ್ಲ ಯಾವುದೋ ಹಳೇ ಜನವರಿಯಲ್ಲಿ ಆದದ್ದೆಂದು ಅದರ ಲೆಕ್ಕ. ಈ ತಿಂಗಳ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಮೂರ್ತಿ ಸರ್ ಮೇಲ್ ಬರೆದರು. ಈ ತಿಂಗಳು ನಿಮ್ಮಿಂದ ಯಾವ ಕೆಲಸವೂ ಬಂದಿಲ್ಲ, ನಿಮ್ಮ ತೊಂದರೆ ಅರ್ಥವಾಗುತ್ತದೆ, ಆದರೆ ಮನೆಯಿಂದ ಕೆಲಸದ ಏರ್ಪಾಡನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ, ಸೋಮವಾರದಿಂದ ಆಫೀಸಿಗೆ ಬನ್ನಿ ಎಂದು. ಎಲ್ಲರಿಗೂ ಕಾಣುವಂತೆ, ನಮ್ಮೆಲ್ಲರ ಹೆಸರು ಹಾಕಿ ಕಳಿಸಿದ್ದರು. ಭಾರತಿ ಒಂದೇ ಸಾಲಿನ ಉತ್ತರ ಬರೆದಳು. ಕೆಲಸ ಬಿಡುತ್ತಿದ್ದೇನೆ.

ನಾನು ತೊಟ್ಟಿಲು ತೂಗಿ, ಒಬ್ಬಟ್ಟು ತಿಂದು, ರಾಯಚೂರಿನಿಂದ ರೈಲು ಹತ್ತಿ ಬಂದು ನೋಡಿದರೆ ಪಕ್ಕದ ಕುರ್ಚಿಯ ಮೇಲೆ ಯಾರದೋ ಹೆಲ್ಮೆಟ್ಟು. ಸಂಗತಿ ತಿಳಿದದ್ದೇ ಕಂಪ್ಯೂಟರಿನ ಮುಂದೆ ಕೂತೆ. ಗಿಟ್‌ನಲ್ಲಿ ಈ ತಿಂಗಳದ್ದು ಮಾತ್ರ ಎಂಬ ಕಟ್ಟು ತೆಗೆದು, ಮೊದಲಿನಿಂದ ತೋರಿಸು ಎಂದೆ. ಭಾರತಿಯ ಹೆಸರು ಸಾಲುಸಾಲಾಗಿ ಬಂತು, ಎಲ್ಲದರ ಮುಂದೂ ಅದೇ ಹಳೇ ಜನವರಿ. ಮೂರ್ತಿ ಸರ್‌ರನ್ನು ಕರೆದು ತೋರಿಸಿದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಿರಲ್ಲ ಸರ್ ಎಂದು ಮುಖದ ಮೇಲೇ ಅಂದೆ. ಅವರು ಬಗ್ಗಿ ಪರದೆಯ ಸಾಲುಗಳನ್ನು ಮೇಲಿಂದ ಕೆಳಗೆ ಓದಿದರು. "ಛೆ" ಎಂದರು. "ನೀನು ಹೋಗಿ ಕರ್ಕೊಂಡು ಬಾಮ್ಮ. ಮನೆಯಿಂದಲೇ ಮಾಡ್ಲಿ, ಎಷ್ಟು ದಿನ ಬೇಕಾದ್ರೂ. ನಾನೂ ಫೋನ್ ಮಾಡ್ತೀನಿ, ಎತ್ತಿದ್ರೆ ಸಾರಿ ಕೇಳ್ತೀನಿ."

ಭಾರತಿ ಈಗ ಕೆ.ಆರ್. ಪುರದ ಕಡೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳಂತೆ. ರಾಣಿಯಮ್ಮ ಮಾರನೇ ಬೇಸಿಗೆಯಲ್ಲಿ ತೀರಿಕೊಂಡರು. ಸುದ್ದಿ ನನಗೆ ತಿಂಗಳು ಕಳೆದ ಮೇಲೆ ಯಾರಿಂದಲೋ ತಿಳಿಯಿತು. ಅಷ್ಟು ಕೋಡ್ ಬಲ್ಲವಳು ಮಕ್ಕಳಿಗೆ ಮೌಸೆಂಬ ಇಲಿ ಹಿಡಿಯುವುದನ್ನು ಹೇಳಿಕೊಡುತ್ತ ಕೂತಿದ್ದಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಬಾಯಿಗೆ ಬಂದದ್ದನ್ನೇ ಕಿತ್ತುಕೊಂಡ ಹಾಗಾಯಿತು. ಹೋಗಲಿ ಬಿಡು ಎಂದು ನನ್ನ ಗಂಡ ಹೇಳುತ್ತಾರೆ. ಅವರಿಗೇನು, ಹೇಳುತ್ತಾರೆ.

ಮೂರ್ತಿ ಸರ್ ಹೋಗು ಎಂದ ಆ ದಿನ ಮಾತ್ರ ನಾನು ಅವಳನ್ನು ಕರೆದುಕೊಂಡೇ ಬರುತ್ತೇನೆ ಎಂಬ ಧೈರ್ಯದಲ್ಲಿ ಹಲಸೂರಿಗೆ ಹೋಗಿದ್ದೆ. ರಸ್ತೆ ಇನ್ನೂ ಅಗೆದೇ ಇತ್ತು, ಹಲಗೆಯ ಮೇಲೆ ಕಾಲಿಟ್ಟು ದಾಟಿದೆ. ಭಾರತಿ ತಾಯಿಯ ಬಟ್ಟೆ ಹಿಂಡುತ್ತಿದ್ದಳು. ನನ್ನ ಮೇಲೆ ಸಿಟ್ಟಿರಲಿಲ್ಲ. ಕಾಫಿ ಕೊಟ್ಟಳು. ನಾನು ಒಂದೇ ಉಸಿರಿಗೆ ಗಡಿಯಾರದ ವಿಷಯ ಹೇಳಿದೆ, ಮೂರ್ತಿ ಸರ್ ಹೇಳಿದ್ದನ್ನೂ ಹೇಳಿದೆ. ರಾಣಿಯಮ್ಮ ಮಂಚದಿಂದಲೇ, "ಹೋಗು ಕಣ್ಣು, ಅವರೇ ತಪ್ಪಾಯ್ತು ಅಂದ್ಮೇಲೆ ಇನ್ನೇನು" ಎಂದರು. ಭಾರತಿ ಬಕೆಟ್ಟು ಎತ್ತಿ ಬಾಗಿಲ ಬಳಿ ಇಟ್ಟು, ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರು ಕೂತಳು.

"ಬರಲ್ಲ ಶರಣಿ" ಎಂದಳು.

"ಯಾಕೆ? ಗಡಿಯಾರದ್ದು ತಪ್ಪು, ನಿಂದಲ್ಲ. ಸರ್‌ಗೂ ಗೊತ್ತಾಗ್ಯದ. ಇನ್ನ ಯಾಕ ಬರಂಗಿಲ್ಲ?"

"ಗಡಿಯಾರ ತಪ್ಪಿತ್ತು, ಒಪ್ಕೋತೀನಿ. ಸರ್‌ಗೆ ಗೊತ್ತಾಗ್ಲಿಲ್ಲ, ಅದನ್ನೂ ಒಪ್ಕೋತೀನಿ. ಆದ್ರೆ ಆ ಮೇಲ್ ನಿಮ್ಮೆಲ್ಲರಿಗೂ ಬಂದಿತ್ತಲ್ಲ. ಶ್ರಾವಣ ಪೂರ್ತಿ ದಿನಾ ಬೆಳಿಗ್ಗೆ ನಾನು ಕಳಿಸಿದ್ದನ್ನ ಇಳಿಸ್ಕೊಂಡು ಅದ್ರ ಮೇಲೇ ಕೆಲ್ಸ ಮಾಡಿದ್ರಲ್ಲ. ಯಾವ ಕೆಲ್ಸವೂ ಬಂದಿಲ್ಲ ಅಂತ ಓದ್ದಾಗ ಒಬ್ರಿಗೂ ಅನ್ನಿಸ್ಲಿಲ್ವಾ, ಹಾಗಾದ್ರೆ ಇದು ಯಾರದು ಅಂತ?"

ಆ ಮೇಲ್ ಊರಲ್ಲಿದ್ದಾಗಲೇ ನನ್ನ ಫೋನಿಗೂ ಬಂದಿತ್ತು. ತೊಟ್ಟಿಲ ಮನೆಯ ಗದ್ದಲದಲ್ಲಿ ನಾನು ಅದನ್ನು ತೆರೆದಿರಲಿಲ್ಲ. ಆದರೆ ಆಫೀಸಿನಲ್ಲಿದ್ದವರು ತೆರೆದಿದ್ದರು. ಅವರ ಪರವಾಗಿ ಏನಾದರೂ ಹೇಳಬೇಕೆಂದು ನನಗೆ ತೋಚಿದ್ದು ಇಷ್ಟೇ:

"ನಿಂದೇ ಅಂತ ಎಲ್ಲಾರ್ಗೂ ಗೊತ್ತಿತ್ತು ಭಾರತಿ."

"ಅದಕ್ಕೇ ಬರಲ್ಲ ಅಂದಿದ್ದು" ಎಂದಳು.